ಮೂರನೆಯ ಕೂ

ಆ ಭಾನುವಾರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಸೋದರಮಾವ ಮಾತು ನಿಲ್ಲಿಸಿದರು. ಅವರನ್ನು ಬಲ್ಲ ಯಾರೂ ಇದನ್ನು ನಂಬುವುದಿಲ್ಲ. ಹಲ್ಲು ಕೀಳಿಸಿಕೊಳ್ಳುವಾಗಲೂ ಬಾಯೊಳಗೆ ಡಾಕ್ಟರ ಕೈ ಇಟ್ಟುಕೊಂಡೇ ಕತೆ ಹೇಳಿದವರು, ನಿದ್ದೆಯಲ್ಲೂ ‘ಒಳಗೆ ಹೋಗಿ, ಒಳಗೆ ಜಾಗ ಇದೆ’ ಎಂದು ಗೊಣಗುವವರು. ಅಂಥ ಮನುಷ್ಯ ಸುಮ್ಮನಾದರೆ ಏನೋ ಆಗಿದೆ ಎಂದು ನಮಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾವು ಮರದ ನೆರಳಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದೆವು.

ನೇರವಾಗಿ ಅಲ್ಲಿಗೇ ಹೋಗಲು ನನಗಿನ್ನೂ ಧೈರ್ಯ ಸಾಲದು. ಸುತ್ತುದಾರಿಯಲ್ಲಿ ಹೋಗುತ್ತೇನೆ, ಬೇಸರಿಸಬೇಡಿ.

ಮಾವ ಸಾಗರ, ಹೊಸನಗರ, ತೀರ್ಥಹಳ್ಳಿ, ಮೇಗರವಳ್ಳಿ ರೂಟಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬಸ್ಸು ಬಿಟ್ಟ ಮೇಲೂ ಅವರು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಸ್ವಲ್ಪ ಅಗಲಿಸಿ, ಮನೆಯೇ ಎಲ್ಲಿ ತಿರುವಿನಲ್ಲಿ ವಾಲಿಬಿಡುತ್ತದೋ ಎಂಬಂತೆ ನಿಂತೇ ಕಾಫಿ ಕುಡಿಯುತ್ತಿದ್ದರು. ನನ್ನ ಮದುವೆಯಲ್ಲಿ ಫೋಟೋಕ್ಕೆಂದು ಜನ ವೇದಿಕೆಗೆ ನುಗ್ಗಿದಾಗ ಮಾವ ಮೆಟ್ಟಿಲ ಬಳಿ ನಿಂತು, “ಇಳಿಯೋರಿಗೆ ಮೊದ್ಲು ದಾರಿ ಬಿಡಿ, ಹತ್ತೋರು ಆಮೇಲೆ” ಎಂದು ಕೂಗಿ ನೋಡುನೋಡುತ್ತಲೇ ವೇದಿಕೆ ಖಾಲಿ ಮಾಡಿಸಿದರು. ಹಾಗೆ ಕೆಳಗಿಳಿದವರಲ್ಲಿ ನನ್ನ ಗಂಡನೂ ಇದ್ದ.

ನಿವೃತ್ತಿಯಾದ ಹೊಸತರಲ್ಲಿ ಮಾವನಿಗೆ ಹೊತ್ತು ಹೋಗುತ್ತಿರಲಿಲ್ಲ. ಹೊತ್ತು ಹೋಗದ ಗಂಡಸು ಮನೆಯಲ್ಲಿದ್ದರೆ ಏನಾಗುತ್ತದೆ ಎಂದು ನಮ್ಮ ಅತ್ತೆಯನ್ನು, ಅಂದರೆ ಮಾವನ ಹೆಂಡತಿಯನ್ನು, ಕೇಳಬೇಕು. ಸಾಂಬಾರಿನ ಡಬ್ಬಿಗಳನ್ನೆಲ್ಲ ‘ಮುಂದಿನ ಸೀಟು, ಹಿಂದಿನ ಸೀಟು’ ಎಂದು ಬದಲಾಯಿಸಿಟ್ಟರಂತೆ. ಅತ್ತೆ ನನಗೆ ಫೋನ್ ಮಾಡಿ, “ಇವರನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗೇ” ಎಂದರು. ನಾನು ಸಾಗರದ ನಮ್ಮ ಬಡಾವಣೆಯ ಪಾರ್ಕಿಗೆ ಕರೆದುಕೊಂಡು ಹೋದೆ. ಸಿಮೆಂಟ್ ಇಟ್ಟಿಗೆ ಹಾಸಿದ ವಾಕಿಂಗ್ ಟ್ರ್ಯಾಕು, ಎರಡು ಬೆಂಚು, ಕೈಕಾಲು ಆಡಿಸುವ ಕಬ್ಬಿಣದ ಯಂತ್ರಗಳು. ಮಾವ ಟ್ರ್ಯಾಕಿನ ಮೇಲೆ ಕಾಲಿಡದೆ ನಿಂತರು.

“ಇದು ಎಲ್ಲಿಗೆ ಹೋಗ್ತದೆ?”

“ಎಲ್ಲಿಗೂ ಹೋಗಲ್ಲ ಮಾವ. ಸುತ್ತು ಹಾಕೋದು.”

“ಮತ್ತೆ ಇಳಿಯೋದೆಲ್ಲಿ?”

“ಹತ್ತಿದಲ್ಲೇ.”

“ಇಂಥ ರೂಟಿಗೆ ಪರ್ಮಿಟ್ ಕೊಟ್ಟಿದ್ದು ಯಾರು ಮಾರಾಯ್ತಿ?”

ಅವತ್ತು ಮನೆಗೆ ವಾಪಸು ಬರುವಾಗ ಅವರು ಒಂದು ಮಾತು ಹೇಳಿದರು. ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. “ಅಷ್ಟು ವರ್ಷ ಎಲ್ಲ ಸ್ಟಾಪಿನ ಹೆಸರೂ ಕೂಗಿದೀನಿ ಕಣೇ. ಒಂದ್ರಲ್ಲೂ ಇಳಿದಿಲ್ಲ.”

ಆ ಮಾತಿನ ತೂಕ ಮಲೆನಾಡಿನ ಬಸ್ಸಿನಲ್ಲಿ ಓಡಾಡಿದವರಿಗೆ ಗೊತ್ತಾಗುತ್ತದೆ. ಅಂಗಡಿಯಿಲ್ಲ, ಮನೆಯಿಲ್ಲ, ಒಂದು ಮೈಲಿಗಲ್ಲೂ ಇಲ್ಲದ ಕಡೆ ಬಸ್ಸು ನಿಲ್ಲುತ್ತದೆ. ಕೈಚೀಲ ಹಿಡಿದ ಒಬ್ಬ ಹೆಂಗಸು ಇಳಿಯುತ್ತಾಳೆ. ರಸ್ತೆಯ ಪಕ್ಕದಲ್ಲಿ ಗಿಡಗಳ ಸಂದಿಯಿಂದ ಒಂದು ಕಾಲುದಾರಿ ಕೆಳಗಿಳಿದಿರುತ್ತದೆ. ಅವಳು ಅದರಲ್ಲಿ ನಾಲ್ಕು ಹೆಜ್ಜೆ ಹೋಗುವುದು ಕಾಣುತ್ತದೆ, ಆಮೇಲೆ ಕಾಡು ಅವಳನ್ನು ಮುಚ್ಚಿಕೊಳ್ಳುತ್ತದೆ. ಬಸ್ಸು ಹೊರಡುತ್ತದೆ. ಆ ದಾರಿ ಎಲ್ಲಿಗೆ ಹೋಗುತ್ತದೆ ಎಂದು ನಮಗೆ ಒಂದು ಕ್ಷಣ ಅನ್ನಿಸುತ್ತದೆ, ಮರೆಯುತ್ತೇವೆ. ಮಾವ ಮರೆತಿರಲಿಲ್ಲ. ಬಾಗಿಲಲ್ಲಿ ನಿಂತು ದಿನವೂ ಆ ನಾಲ್ಕು ಹೆಜ್ಜೆ ನೋಡಿ ‘ರೈಟ್’ ಎಂದವರು ಅವರು.

ಹಾಗೆ ಶುರುವಾಯಿತು ನಮ್ಮ ಭಾನುವಾರದ ನಡಿಗೆ. ವಾರಕ್ಕೊಂದು ಸ್ಟಾಪು. ಇಳಿಯುವುದು, ದಾರಿ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹೋಗುವುದು, ವಾಪಸು ಬಂದು ಬಸ್ಸು ಹಿಡಿಯುವುದು. ನಾನು, ಮಾವನ ಪಕ್ಕದ ಮನೆಯ ಮೆಡಿಕಲ್ ಶಾಪಿನವರು, ಒಬ್ಬ ಹೈಸ್ಕೂಲು ಮೇಷ್ಟ್ರು, ಇಷ್ಟೇ ಜನ. ಕಾಮರ್ಸ್ ಪಾಠ ಹೇಳುವ ನನಗೆ ಅಷ್ಟು ಗುಡ್ಡಗಳಿವೆ ಎಂದೇ ಗೊತ್ತಿರಲಿಲ್ಲ. ಕೆಲವು ದಾರಿ ಹೊಳೆಯ ಬಟ್ಟೆ ಒಗೆಯುವ ಕಲ್ಲಿನಲ್ಲಿ ಮುಗಿಯುತ್ತಿದ್ದವು. ಕೆಲವು ಯಾವುದೋ ಶಾಲೆಯ ಹಿಂಬದಿಯಲ್ಲಿ. ಒಂದು ದಾರಿ ಅರ್ಧ ದಿನ ನಡೆಸಿ, ನಾವು ಇಳಿದ ಸ್ಟಾಪಿನ ಮುಂದಿನ ಸ್ಟಾಪಿಗೇ ತಂದು ಬಿಟ್ಟಿತು. “ಬಸ್ಸಲ್ಲೇ ಬರಬಹುದಿತ್ತಲ್ಲ” ಎಂದ ಮೇಷ್ಟ್ರಿಗೆ ಮಾವ, “ಬಂದಿದ್ರೆ ಈ ದಾರಿಗೆ ಬುದ್ಧಿ ಇಲ್ಲ ಅಂತ ಗೊತ್ತಾಗ್ತಿತ್ತಾ?” ಎಂದರು.

ಮೇಗರವಳ್ಳಿಗಿಂತ ಈಚೆ ಒಂದು ಸ್ಟಾಪಿನಲ್ಲಿ ಇಳಿದು, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಕೀಳುತ್ತಾ ಹೋದರೆ ದಾರಿ ಒಂದು ಅಂಗಳದಲ್ಲಿ ಮುಗಿಯಿತು. ಬಟ್ಟೆ ಒಣಗಿಸುತ್ತಿದ್ದ ಅಜ್ಜಿ ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನೀ ಆ ಕಂಡಕ್ಟರ್ ಅಲ್ದಾ? ನನ್ನ ಹಲಸಿನಹಣ್ಣು ಎಲ್ಲಿ?”

ಯಾವುದೋ ಕಾಲದಲ್ಲಿ ಅಜ್ಜಿ ಇಳಿದರೂ ಹಣ್ಣು ಬಸ್ಸಿನಲ್ಲೇ ಉಳಿದಿತ್ತಂತೆ. ಮಾವ ಸ್ವಲ್ಪವೂ ಅಳುಕದೆ ಹೇಳಿದರು, “ನಾನು, ಡ್ರೈವರು ತಿಂದ್ವಿ ಅಜ್ಜಿ. ತೊಳೆ ಬಹಳ ಸಿಹಿ.”

“ಸಿಹಿ ಇರದೆ ಏನು. ಮಗಳ ಮನೆಗೆ ಅಂತ ಆರಿಸಿ ತಗೊಂಡು ಹೋಗಿದ್ದು,” ಎಂದ ಅಜ್ಜಿ, ಮಗಳಿಗೆ ತಲುಪದ ಹಣ್ಣಿನ ರುಚಿಯನ್ನು ತಿಂದವನ ಬಾಯಿಂದಲೇ ಕೇಳಿ ತೃಪ್ತಿಯಾದವರಂತೆ, ನಮಗೆಲ್ಲ ಊಟ ಹಾಕಿ ಕಳಿಸಿದರು.

ನಡಿಗೆಯಲ್ಲೂ ಬಸ್ಸಿನ ಶಿಸ್ತೇ. ನಿಲ್ಲಬೇಕೆಂದರೆ ಅಂಗೈ ಮುಂದೆ ಮಾಡಿ “ಹೋಲ್ಡಾನ್”. ಕವಲೇದುರ್ಗದ ಮೆಟ್ಟಿಲ ಮೇಲೆ ಒಮ್ಮೆ ಹಾಗೆ ಕೂಗಿದ್ದಕ್ಕೆ, ಎಲ್ಲಿಂದಲೋ ಬಂದಿದ್ದ ಇಪ್ಪತ್ತು ಜನ ಪ್ರವಾಸಿಗರು ಎತ್ತಿದ ಕಾಲು ಎತ್ತಿದಂತೆಯೇ ನಿಂತುಬಿಟ್ಟರು. ದಾರಿ ಸಂಶಯವಾದ ಕಡೆ ಮಾವ ಒಬ್ಬರೇ ಮುಂದೆ ಹೋಗಿ ನೋಡಿ ಬರುತ್ತಿದ್ದರು. ನಾವು ಕಾಯಬೇಕು. ಅವರು ‘ಕೂ’ ಹಾಕಿದಾಗ ಹೋಗಬೇಕು.

ಈ ಕೂ ವಿಷಯ ಹೇಳಲೇಬೇಕು. ನಮ್ಮ ಕಡೆ ಕಾಡಿನಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ‘ಕೂ’ ಎಂದು ಉದ್ದಕ್ಕೆ ಕೂಗುತ್ತಾರೆ. ಕೇಳಿಸಿಕೊಂಡವರು ಒಂದಕ್ಕೆ, ಎರಡಕ್ಕೆ ಓಗೊಡಬಾರದು. ಮಾವನಿಗೆ ಇದನ್ನು ಅವರ ಅಪ್ಪ ಕಲಿಸಿದ್ದು. “ಮೊದಲನೇದು ಹಕ್ಕಿ ಇರಬಹುದು. ಎರಡನೇದು ಗುಡ್ಡ ವಾಪಸು ಕೂಗಿದ್ದಿರಬಹುದು, ಬೇರೆ ಎಂತದೋ ಇರಬಹುದು, ಅದರ ಹೆಸರು ಬೇಡ. ಮೂರನೇದು ಮನುಷ್ಯಂದೇ. ಮೂರಾದ ಮೇಲೇ ಓಗೊಡಿ, ಹೊರಡಿ.” ನಾವು ಓದಿದವರು ಮೊದಮೊದಲು ನಕ್ಕೆವು. ಒಮ್ಮೆ ನಾನು ಮೊದಲನೆಯದಕ್ಕೇ ಓಗೊಟ್ಟು ಓಡಿಹೋಗಿದ್ದಕ್ಕೆ ಮಾವ ಬಸ್ಸು ನಿಲ್ಲುವ ಮೊದಲೇ ಹಾರಿದ ಪ್ಯಾಸೆಂಜರಿಗೆ ಬೈಯುವಂತೆ ಬೈದರು. ಆಮೇಲಿಂದ ನಾವೆಲ್ಲ ಮೂರಕ್ಕೆ ಪಳಗಿದೆವು. ಎಷ್ಟು ಪಳಗಿದೆವೆಂದರೆ, ಮೆಡಿಕಲ್ ಶಾಪಿನವರು ಅಂಗಡಿಯಲ್ಲೂ ಗಿರಾಕಿ ಮೂರು ಸಲ ಕೇಳುವವರೆಗೆ ತಲೆ ಎತ್ತುವುದಿಲ್ಲ ಎಂದು ದೂರು ಬಂತು.

ಇನ್ನು ಆ ಸ್ಟಾಪು. ಹೆಸರು ಹೇಳುವುದಿಲ್ಲ. ನಿಮ್ಮಲ್ಲಿ ಯಾರಾದರೂ ನೋಡಿ ಬರೋಣವೆಂದು ಹೋದರೆ ನಾನು ಮತ್ತೆ ರಾತ್ರಿಯೆಲ್ಲ ಎಚ್ಚರವಾಗಿರಬೇಕಾಗುತ್ತದೆ. ಹೊಸನಗರದ ಕಡೆ, ಶರಾವತಿಯ ಹಿನ್ನೀರಿನ ಅಂಚಿನಲ್ಲಿದೆ ಎಂದರೆ ಸಾಕು. ಮಳೆಗಾಲದಲ್ಲಿ ಅಲ್ಲಿನ ಕಾಲುದಾರಿ ನೇರವಾಗಿ ನೀರಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ತಗ್ಗಿದಂತೆ ದಾರಿ ಉದ್ದವಾಗುತ್ತಾ ಹೋಗುತ್ತದೆ, ಮುಳುಗಿದ ಗದ್ದೆಯ ಅಂಚುಗಳು, ಸತ್ತ ಮರದ ಬೊಡ್ಡೆಗಳು ಹೊರಗೆ ಬರುತ್ತವೆ. ಮಾವನಿಗೆ ಆ ದಾರಿಯ ಮೇಲೆ ಎಲ್ಲಕ್ಕಿಂತ ಹೆಚ್ಚು ಆಸೆ. “ಬೇರೆ ದಾರಿ ಎಲ್ಲ ಕಾಡೊಳಗೆ ಹೋಗ್ತವೆ. ಇದೊಂದು ನೀರೊಳಗೆ ಹೋಗ್ತದೆ. ಅಲ್ಲಿ ಯಾರ ಮನೆ ಇತ್ತೋ, ಯಾರು ಇಳಿಯಬೇಕಿತ್ತೋ” ಎನ್ನುತ್ತಿದ್ದರು.

ಆ ವಾರ ಅತ್ತೆಯೂ ಬಂದಿದ್ದರು. “ಇಷ್ಟು ವರ್ಷ ಇವರ ಬಸ್ಸು ಹತ್ತಿಲ್ಲ, ಇದನ್ನಾದ್ರೂ ನೋಡನ” ಎಂದು. ದಾರಿ ಕೆಳಗಿನ ಬಯಲಿಗೆ ಇಳಿಯುವಲ್ಲಿ ಒಂದು ಮರವಿತ್ತು. ಟಾರ್ಪಾಲು ಹಾಸಿ ಊಟಕ್ಕೆ ಕೂತೆವು. ಮಾವ ನಿಂತೇ ಎರಡು ತುತ್ತು ತಿಂದು, “ರೂಟ್ ಕ್ಲಿಯರ್ ಇದೆಯಾ ನೋಡ್ತೀನಿ” ಎಂದು ಹೊರಟರು. ಅತ್ತೆ, “ಉಪ್ಪಿನಕಾಯಿ ಆದ್ರೂ ಹಾಕ್ಕೊಂಡು ಹೋಗಿ” ಎಂದರು. ಮಾವ ಒಂದು ದಿಬ್ಬದ ಆಚೆ ಮರೆಯಾದರು.

ಸ್ವಲ್ಪ ಹೊತ್ತಿಗೆ ಒಂದು ಕೂ ಬಂತು. ನಾವು ಊಟ ಮುಂದುವರಿಸಿದೆವು.

ಇನ್ನೊಂದು ಬಂತು. ಸ್ವಲ್ಪ ಗಿಡ್ಡವಾಗಿತ್ತು. ಮೇಷ್ಟ್ರು ಕೈ ತೊಳೆಯಲು ಎದ್ದರು. ನಾನು ಡಬ್ಬಿಯ ಮುಚ್ಚಳ ಹಾಕಿ, ಮೂರನೆಯದು ಬಂದ ಕೂಡಲೇ ಹೊರಡಲು ಚಪ್ಪಲಿಗೆ ಕಾಲು ತೂರಿಸಿ ಕೂತೆ. ಅಭ್ಯಾಸಕ್ಕೆ ಗಡಿಯಾರ ನೋಡಿದೆ. ಮೂರು ಇಪ್ಪತ್ತು.

ಮೂರನೆಯದು ಬರಲಿಲ್ಲ.

ನಾವು ಕಾದೆವು. ಒಂದು ನೀರುಕಾಗೆ ಹಾರಿಹೋಯಿತು. ಬಿಸಿಲು ಹೂಳಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಕಾಯುವುದು ನಮಗೆ ಸಹಜವಾಗಿತ್ತು, ನೋಡಿ. ನಾನು ಆಮೇಲೆ ರಾತ್ರಿಯೆಲ್ಲ ತಿರುಗಿಸಿ ತಿರುಗಿಸಿ ನೋಡಿದ್ದು ಇದನ್ನೇ. ಮುಂದೆ ಕಂಡ ಕೆಸರನ್ನಲ್ಲ. ಚಪ್ಪಲಿಗೆ ಕಾಲು ತೂರಿಸಿಕೊಂಡು ನಾವು ಅಷ್ಟು ಆರಾಮಾಗಿ ಕೂತಿದ್ದನ್ನು.

ಅತ್ತೆ ಎದ್ದು ನಿಂತರು.

“ಮೂರನೇದು ಬರ್ಲಿ ಅಕ್ಕ, ಈಗ ಹೋದ್ರೆ ಬೈತಾರೆ” ಎಂದರು ಮೆಡಿಕಲ್ ಶಾಪಿನವರು.

“ಎರಡಕ್ಕೆ ನಿಲ್ಲಿಸೋ ಜನ ಅಲ್ಲ ಇವರು,” ಎಂದರು ಅತ್ತೆ. “ಒಂದು ಲೋಟ ನೀರು ಬೇಕಾದ್ರೆ ನಾಲ್ಕು ಸಲ ಕೇಳ್ತಾರೆ.”

ಅವರು ಸೆರಗು ಸಿಕ್ಕಿಸಿಕೊಂಡು ನಡೆದೇಬಿಟ್ಟರು. ಮಾವನ ಹೆಜ್ಜೆ ಗುರುತಿನ ಮೇಲೆ ಹೋಗಲಿಲ್ಲ, ಪಕ್ಕದಲ್ಲಿದ್ದ ಹಳೆಯ ಗದ್ದೆಯಂಚು ಹಿಡಿದು ಹೋದರು. ಯಾಕೆ ಎಂದು ಆಮೇಲೆ ಕೇಳಿದ್ದಕ್ಕೆ, “ಅವರು ಹೋದ ದಾರಿಯಲ್ಲಿ ಹೋಗಿ ನನಗೆ ಯಾವತ್ತು ಒಳ್ಳೇದಾಗಿದೆ?” ಎಂದರು. ನಾವು ಅವರ ಹಿಂದೆ ಹೋದೆವು. ದಿಬ್ಬ ದಾಟಿದಾಗ ಕಂಡದ್ದು, ಬಿರುಕು ಬಿಟ್ಟ ಒಣ ಬಯಲು. ಅದರ ನಡುವೆ ಒಂದು ಟವೆಲು ಸುತ್ತಿದ ತಲೆ, ಎರಡು ತೋಳು. ಮಾವ ಎದೆಯವರೆಗೆ ನೆಲದೊಳಗಿದ್ದರು.

ಮೇಲೆ ಒಣಗಿ, ಒಳಗೆ ಗಂಜಿಯಂತಿರುವ ನೆಲಕ್ಕೆ ನಮ್ಮಲ್ಲಿ ಹುದುಲು ಎನ್ನುತ್ತಾರೆ. ಹೊಳೆ ವರ್ಷಗಟ್ಟಲೆ ತಂದು ಹಾಕಿದ ಹೂಳು. ನಾನು ಇದನ್ನೆಲ್ಲ ಯೋಚಿಸಲಿಲ್ಲ. “ಮಾವಾ” ಎಂದು ಕೂಗಿ ಅಂಚಿನಿಂದ ಕೆಳಗೆ ಹಾರಲು ಹೋದೆ. ಮಾವ ಬಲಗೈ ಎತ್ತಿ ಅಂಗೈ ನನ್ನ ಕಡೆ ತೋರಿಸಿದರು. ಬಾಯಿ ತೆರೆಯಲಿಲ್ಲ. ನಾನು ಅದನ್ನು ಬೀಳ್ಕೊಡುಗೆ ಅಂದುಕೊಂಡೆ. ಕಾಲು ಮಾತ್ರ ಅದನ್ನು ‘ಹೋಲ್ಡಾನ್’ ಎಂದು ಓದಿ ನಿಂತಲ್ಲೇ ನಿಂತಿತು.

ಆಮೇಲಿನದು ಅತ್ತೆಯ ಕೈಯಲ್ಲಾಯಿತು. ಗದ್ದೆ ಮಾಡುವ ಮನೆಯಲ್ಲಿ ಹುಟ್ಟಿದವರು, ಹುದುಲಿಗೆ ಬಿದ್ದ ಎಮ್ಮೆ ಎಳೆಯುವುದನ್ನು ನೋಡಿದ್ದರು. ಟಾರ್ಪಾಲು ತರಿಸಿದರು, ಒಣಕೊಂಬೆ ಹಾಸಿ ಅದರ ಮೇಲೆ ಟಾರ್ಪಾಲು ಹಾಸಿಸಿದರು, ತಾವೇ ಅದರ ಮೇಲೆ ಹೊಟ್ಟೆಯಡಿಯಾಗಿ ತೆವಳಿ ಹೋಗಿ ಟಾರ್ಪಾಲು ಕಟ್ಟಿ ತಂದಿದ್ದ ಹಗ್ಗವನ್ನು ಮಾವನ ಕಂಕುಳ ಕೆಳಗೆ ಸುತ್ತಿದರು. ನಾವು ಮೂವರು ಅಂಚಿನ ಮೇಲೆ ಕೂತು ಹಿಡಿದುಕೊಂಡೆವು. “ಎಳೀಬೇಡಿ, ಹಿಡ್ಕೊಳ್ಳಿ ಸಾಕು. ನೀವು ಕಾಲು ಮೆಲ್ಲಗೆ ಅಲ್ಲಾಡಿಸಿ. ಮೆಲ್ಲಗೆ ಅಂದೆ. ಜೀವಮಾನದಲ್ಲಿ ಒಂದು ಕೆಲಸ ಮೆಲ್ಲಗೆ ಮಾಡಿ.” ಬೈಗುಳ ಒಂದು ಕ್ಷಣವೂ ನಿಲ್ಲಲಿಲ್ಲ. ಅತ್ತೆ ಬೈಯುತ್ತಿರುವವರೆಗೆ ಮಾವ ಬದುಕಿರುತ್ತಾರೆ ಎಂದು ನನಗೆ ಹೇಗೋ ಅನ್ನಿಸಿತ್ತು. ಬಿಸಿಲು ಹಳದಿಯಾಗುವ ಹೊತ್ತಿಗೆ ಹುದುಲು ಒಂದು ಕೆಟ್ಟ ಸದ್ದು ಮಾಡಿ ಅವರನ್ನು ಬಿಟ್ಟುಕೊಟ್ಟಿತು. ಬಲ ಮಂಡಿ ತಿರುಚಿಕೊಂಡಿತ್ತು.

ಆಸ್ಪತ್ರೆಯಲ್ಲಿ ಮಾವ ಆಡಿದ ಮೊದಲ ಮಾತು, “ಎಮ್ಮೆಗೂ ಯಾರೂ ಇಷ್ಟು ಬೈಯಲ್ಲ.” ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಎಲ್ಲ ಸರಿಯಾಯಿತು ಅಂದುಕೊಂಡೆವು. ಆದರೆ ಅದು ಅವರ ಕೊನೆಯ ತಮಾಷೆಯಾಗಿತ್ತು, ಬಹಳ ದಿನಗಳಿಗೆ.

ಮಂಡಿ ವಾಸಿಯಾದರೂ ಮಾವ ಸ್ಟಾಪುಗಳ ಮಾತೆತ್ತಲಿಲ್ಲ. ಕುರ್ಚಿಯಲ್ಲಿ ಕೂರತೊಡಗಿದರು. ಹಾಗೆ ಕೂತಿದ್ದನ್ನು ಮೊದಲ ಸಲ ನೋಡಿದಾಗ ನನಗೆ ಹುದುಲಿನಲ್ಲಿ ಕಂಡದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಡಾಕ್ಟರು ನಡೆಯಲೇಬೇಕು ಎಂದಿದ್ದಕ್ಕೆ ಪಾರ್ಕಿಗೆ ಹೋಗುತ್ತಿದ್ದರು. ಹೌದು, ಅದೇ ಪಾರ್ಕು. ಕಾಲೇಜಿನಿಂದ ಬರುವಾಗ ಗೇಟಿನಾಚೆ ಕಾಣುತ್ತಿತ್ತು, ಸಿಮೆಂಟ್ ಇಟ್ಟಿಗೆಯ ಮೇಲೆ ಮಾವ ಸುತ್ತುತ್ತಿದ್ದಾರೆ, ಯಾರಿಗೂ ದಾರಿ ಬಿಡಿ ಎನ್ನದೆ, ತಾವೇ ಪಕ್ಕಕ್ಕೆ ಸರಿದು. ನಾನು ಒಳಗೆ ಹೋಗದೆ ಬೇಗ ಬೇಗ ಮನೆಗೆ ಬರುತ್ತಿದ್ದೆ. ಭಾನುವಾರಗಳು ಅಷ್ಟು ಉದ್ದ ಇರುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕೂತಾಗ ಯಾರಾದರೂ ಒಂಟಿ ಸ್ಟಾಪಿನಲ್ಲಿ ಇಳಿದು ಕಾಲುದಾರಿ ಹಿಡಿದರೆ, ಕತ್ತು ತಿರುಗಿಸಿ ಕಾಣುವಷ್ಟು ದೂರ ನೋಡುತ್ತಿದ್ದೆ. ಇಳಿದುಬಿಡೋಣ ಅನ್ನಿಸುತ್ತಿತ್ತು. ಒಬ್ಬಳೇ ಇಳಿದು ಏನು ಮಾಡಲಿ?

ನಿದ್ದೆಯಂತೂ ಹೋಗೇಬಿಟ್ಟಿತ್ತು. ಕಣ್ಣು ಮುಚ್ಚಿದರೆ ಎರಡು ಕೂ ಕೇಳುತ್ತಿತ್ತು, ಮೂರನೆಯದಕ್ಕೆ ಕಾದು ಎಚ್ಚರವಾಗುತ್ತಿತ್ತು. ಅತ್ತೆ ಫೋನಿನಲ್ಲಿ, “ಇವರೂ ಹಾಗೇ ಕಣೇ. ಮಲಗ್ತಾರೆ, ಏಳ್ತಾರೆ. ಕಿಟಕಿ ಹತ್ರ ಕೂತಿರ್ತಾರೆ” ಎನ್ನುತ್ತಿದ್ದರು. ಮೂರನೆಯದನ್ನು ಮಾವ ಯಾಕೆ ಕೂಗಲಿಲ್ಲ? ಎದೆಗೆ ಕೆಸರು ಒತ್ತಿ ಉಸಿರು ಕಟ್ಟಿರಬೇಕು ಎಂದರು ಮೆಡಿಕಲ್ ಶಾಪಿನವರು. ಹೆದರಿ ಗಂಟಲು ಒಣಗಿರಬೇಕು ಎಂದರು ಮೇಷ್ಟ್ರು. ಕೇಳಬೇಕಾದವರನ್ನು ಕೇಳಲು ಯಾರಿಗೂ ಬಾಯಿ ಬರಲಿಲ್ಲ.

ಮಳೆ ಹಿಡಿಯಿತು. ಹಿನ್ನೀರು ಏರಿತು. ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಭಾನುವಾರ ಮಾವ ಬೆಳಿಗ್ಗೆ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು, ಕೊಡೆ ಹಿಡಿದು. “ಬರ್ತೀಯಾ?” ಎಂದರು. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಬಸ್ಸಿನಲ್ಲಿ ಅವರು ಕಿಟಕಿ ಬದಿಗೆ ಕೂತು ಹೊರಗೆ ನೋಡುತ್ತಿದ್ದರು. ಆ ಸ್ಟಾಪಿನಲ್ಲಿ ಇಳಿದೆವು. ಕಾಲುದಾರಿ ನಾಲ್ಕು ಹೆಜ್ಜೆ ಇಳಿದು ನೀರಿಗೆ ಹೋಗಿತ್ತು. ಬಯಲಿಲ್ಲ, ದಿಬ್ಬವಿಲ್ಲ, ಗದ್ದೆಯ ಅಂಚಿಲ್ಲ. ಎದುರಿನ ಗುಡ್ಡದವರೆಗೆ ಬೂದು ನೀರು.

“ಎಲ್ಲಿ ಅಂತ ಗೊತ್ತಾಗ್ತದಾ?” ಎಂದರು ಮಾವ.

“ಇಲ್ಲ.”

“ನಂಗೂ ಇಲ್ಲ.”

ಆಗ ಕೇಳಿದೆ, “ಮೂರನೇದು ಯಾಕೆ ಕೂಗಲಿಲ್ಲ ಮಾವ?”

ಅವರು ನೀರನ್ನೇ ನೋಡುತ್ತಿದ್ದರು.

“ಎರಡು ಹೆದರಿ ಕೂಗಿಬಿಟ್ಟೆ. ಆಮೇಲೆ ನೆನಪಾಯ್ತು, ಮೂರನೇದಕ್ಕೆ ನೀವು ಬರ್ತೀರಿ. ನನ್ನ ಹೆಜ್ಜೆ ಮೇಲೇ ಬರ್ತೀರಿ, ನಾನೇ ಕಲಿಸಿದ್ದಲ್ಲ. ಎಲ್ಲರಿಗಿಂತ ಮುಂದೆ ನೀನು. ಯಾವತ್ತೂ ನೀನೇ ಓಡಿ ಬರೋಳು.” ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. “ಬಾಯಿಗೆ ಬಂದಿತ್ತು. ನುಂಗಿದೆ. ನೀ ಸಣ್ಣೋಳಿದ್ದಾಗ ನಿನ್ನಮ್ಮ ನಿನ್ನ ನನ್ನ ಬಸ್ಸಿಗೆ ಹತ್ತಿಸಿ, ಅಣ್ಣಾ ಜೋಪಾನ ಅಂತಿದ್ಲು. ಅದೇ ಕಿವೀಲಿ ಇತ್ತು.”

ನಾನು ಅವರ ತೋಳು ಹಿಡಿದುಕೊಂಡೆ. ಅವರೂ ಬಿಡಿಸಿಕೊಳ್ಳಲಿಲ್ಲ. ಮೋಡ ಮತ್ತೆ ಕವಿದು ನೀರಿನ ಮೇಲೆ ಹನಿ ಬೀಳತೊಡಗಿದಾಗ ರಸ್ತೆಗೆ ಬಂದು ಸಿಕ್ಕಿದ ಬಸ್ಸು ಹತ್ತಿದೆವು.

ಸೋಮವಾರ ಬೆಳಿಗ್ಗೆ ಫೋನಿನ ಸದ್ದಿಗೆ ಎಚ್ಚರವಾಯಿತು. ಕಿಟಕಿಯಲ್ಲಿ ಬೆಳಕು ಜೋರಾಗಿತ್ತು, ಗಂಡ ತಾನೇ ಕಾಫಿ ಮಾಡಿಕೊಂಡು ಕುಡಿದ ಲೋಟ ಮೇಜಿನ ಮೇಲಿತ್ತು. ಅತ್ತೆಯ ಫೋನು. ದನಿ ಬಹಳ ತಗ್ಗಿಸಿ ಮಾತಾಡುತ್ತಿದ್ದರು.

“ನಿಮ್ಮಾವ ಇನ್ನೂ ಎದ್ದಿಲ್ಲ ಕಣೇ. ನಿನ್ನೆ ಊಟ ಮಾಡಿ ಮಲಗಿದ್ದು, ಒಂದ್ಸಲನೂ ಮಗ್ಗುಲು ಬದಲಾಯಿಸಿಲ್ಲ, ಗೊರಕೆ ಮಾತ್ರ ನಿಂತಿಲ್ಲ.”

“ಎಬ್ಬಿಸ್ಬೇಡಿ ಅತ್ತೆ.”

“ಎಬ್ಬಿಸ್ಲಾ ಅಂತ ಕೇಳೋಕೆ ಮಾಡಿದ್ದಲ್ಲ ಮಾರಾಯ್ತಿ,” ಎಂದರು ಅತ್ತೆ. “ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು.”